ಗೋಡೆಗೆ ಒರಗಿಸಿಟ್ಟ ತಡಿಕೆ

ಮಕ್ಕಳೇ, ನಾನು ಚಿಕ್ಕವಳಿದ್ದಾಗ ನಂದಗುಡಿ ಹತ್ತಿರದ ನಮ್ಮೂರಿಗೆ ಹೊಸದಾಗಿ ರಾಗಿ ಮಿಲ್ಲು ಬಂದಿತ್ತು. ಯಜಮಾನರು ಪಟ್ಟಣದಲ್ಲಿದ್ದರು. ಎಂಜಿನ್ ಓಡಿಸುವ ಕೆಲಸ ಅಪ್ಪನದು, ಜೊತೆಗೆ ಅವನ ತಮ್ಮ, ನನ್ನ ಚಿಕ್ಕಪ್ಪ. ಬಾಗಿಲಿಗೆ ಹೋದರೆ ಸಾಕು, ಎಣ್ಣೆಯ ಘಾಟು, ಬಿಸಿ ಹಿಟ್ಟಿನ ಘಮ, ಕಾಲಡಿ ನಡುಗುವ ನೆಲ. ದಿನಾ ಮಧ್ಯಾಹ್ನ ಬುತ್ತಿ ಒಯ್ಯುತ್ತಿದ್ದವಳು ನಾನೇ. ಜಡೆಯ ತುಂಬ ಹಿಟ್ಟು ಹೊತ್ತು ಮನೆಗೆ ಬಂದರೆ ಅಜ್ಜಿ "ಬಂದ್ಳಪ್ಪಾ ಮುದುಕಿ" ಎಂದು ರೇಗಿಸುತ್ತಿದ್ದಳು. ಈಗ ತಲೆ ಬೆಳ್ಳಗಾಗಲು ಹಿಟ್ಟೇ ಬೇಕಿಲ್ಲ, ಬಿಡಿ.

ಎಂಜಿನ್ನಿಂದ ಬೀಸುವ ಕಲ್ಲಿನವರೆಗೆ ಅಗಲವಾದ ಬೆಲ್ಟು ಓಡುತ್ತಿತ್ತು. ಅದರ ಸುತ್ತ ಅಪ್ಪ ತಾನೇ ಹೆಣೆದ ಬಿದಿರಿನ ತಡಿಕೆ ಕಟ್ಟಿದ್ದ. ಬೆಲ್ಟು ಜಾರತೊಡಗಿದರೆ ಹಿಡಿತಕ್ಕೆ ಅಂಟಂಟಾದ ರಾಳ ಉಜ್ಜಬೇಕು. ತಡಿಕೆ ಬಿಚ್ಚದೆ ಕೈ ಎಟುಕುತ್ತಿರಲಿಲ್ಲ, ಎಂಜಿನ್ ನಿಲ್ಲಿಸದೆ ತಡಿಕೆ ಬಿಚ್ಚುವಂತಿರಲಿಲ್ಲ. ಇದು ಅಪ್ಪನ ಕಟ್ಟಪ್ಪಣೆ.

ಆ ವರ್ಷ ಆಯುಧಪೂಜೆಗೆ ತಡಿಕೆ ಬಿಚ್ಚಿ ಗೋಡೆಗೆ ಒರಗಿಸಿದರು. ಚಕ್ರಗಳಿಗೆ ವಿಭೂತಿ ಬಳಿದು ಕುಂಕುಮ ಇಟ್ಟೆವು. ತೊಲೆಯಿಂದ ಚೆಂಡುಹೂವಿನ ಹಾರ ಇಳಿಬಿಟ್ಟು, ಬಾಗಿಲಲ್ಲಿ ಬೂದುಗುಂಬಳ ಒಡೆದೆವು. ಮಾರನೆಯ ಬೆಳಿಗ್ಗೆ ಮಿಲ್ಲು ಶುರುಮಾಡುವ ಮುಂಚೆ ಅಪ್ಪ ತಡಿಕೆ ಎತ್ತಿಕೊಂಡ. ಆರತಿ ಎತ್ತಲು ಬಂದಿದ್ದ ಅಜ್ಜಿ ತಡೆದಳು.

"ಪೂಜೆ ಮಾಡಿದ್ದನ್ನ ಇವತ್ತೇ ಮರೆ ಮಾಡ್ತಾರೇನೋ? ಹೂವು ಬಾಡ್ಲಿ, ಆಮೇಲೆ ಕಟ್ಟೀಯಂತೆ."

ಅಪ್ಪ ತಡಿಕೆಯನ್ನು ಮತ್ತೆ ಗೋಡೆಗೇ ಒರಗಿಸಿದ.

ಹಬ್ಬಕ್ಕೆ ಮಿಲ್ಲು ನಿಂತಿದ್ದರಿಂದ ಸುತ್ತಲ ಹಳ್ಳಿಯ ಹೆಂಗಸರು ರಾಗಿ ಹೊತ್ತು ಬಂದು ಬಾಗಿಲವರೆಗೂ ಕೂತಿದ್ದರು. ಅಂದು ಮಧ್ಯಾಹ್ನ ನಾನು ಬುತ್ತಿ ಹಿಡಿದು ಹೋದಾಗ ಬೆಲ್ಟು ಜಾರಿ ಜಾರಿ ಕಲ್ಲು ತಿರುಗಲಾರದೆ ತಿಣುಕುತ್ತಿತ್ತು. ಒಮ್ಮೆ ಎಂಜಿನ್ ನಿಂತರೆ ಮತ್ತೆ ಶುರುಮಾಡಲು ಅಣ್ಣತಮ್ಮ ಇಬ್ಬರೂ ಬೆವರಿಳಿಸಿ ಚಕ್ರ ತಿರುಗಿಸಬೇಕಿತ್ತು. ಚಿಕ್ಕಪ್ಪ ರಾಳದ ಗಟ್ಟಿ ಹಿಡಿದು, "ನಿಲ್ಲಿಸ್ಲಾ ಅಣ್ಣಾ?" ಎಂದು ಕೂಗಿ ಕೇಳಿದ.

"ಬ್ಯಾಡ ಕಣೋ, ಜನ ಕಾಯ್ತಾವ್ರೆ. ಹಂಗೇ ಉಜ್ಜು!" ಎಂದು ಅಪ್ಪನೂ ಕೂಗಿದ.

ಚಿಕ್ಕಪ್ಪ ಹಬ್ಬದ ಹೊಸ ಜುಬ್ಬ ಹಾಕಿದ್ದ. ಅದರ ಅಗಲವಾದ ತೋಳನ್ನು ಬೆಲ್ಟು ಎಳೆದುಕೊಂಡಿತು, ಜೊತೆಗೆ ಬಲಗೈಯನ್ನೂ. ಅವನು ಚೀರಿದ. ಅಪ್ಪ ಓಡಿಹೋಗಿ ಎಂಜಿನ್ ನಿಲ್ಲಿಸಿದ. ಸದ್ದಡಗಿದ ಮಿಲ್ಲಿನಲ್ಲಿ ಹೆಂಗಸರೆಲ್ಲ ಅಪ್ಪನ ಮುಖವನ್ನೇ ನೋಡುತ್ತಿದ್ದರು. ಅವನು ಕೂಗಿ ಹೇಳಿದ್ದು ಎಲ್ಲರಿಗೂ ಕೇಳಿಸಿತ್ತು. ತಮ್ಮನ ಕೈಗೆ ಪಂಚೆ ಹರಿದು ಸುತ್ತುವಾಗಲೂ ಅಪ್ಪ ತಲೆ ಎತ್ತಲಿಲ್ಲ. ನನಗೂ ಅವನ ಮಗಳೆಂದು ಅಲ್ಲಿ ನಿಲ್ಲಲು ನಾಚಿಕೆಯಾಯಿತು, ಬುತ್ತಿ ಅಲ್ಲೇ ಬಿಟ್ಟು ಮನೆಗೆ ಓಡಿದೆ. ಸಂಜೆ ಅಜ್ಜಿ ಆ ಹಾರವನ್ನು ತಾನೇ ಕಿತ್ತು ಹಾಕಿದಳು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಚಿಕ್ಕಪ್ಪನ ಜೀವ ಉಳಿಯಿತು, ಬಲಗೈಯ ಬೆರಳು ಒಂದೂ ಉಳಿಯಲಿಲ್ಲ. ಊಟಕ್ಕೆ ಎಡಗೈಯೇ ಗತಿಯಾಯಿತು. ನಮ್ಮಲ್ಲಿ ಎಡಗೈಯಲ್ಲಿ ಉಂಡರೆ ಮಕ್ಕಳಿಗೂ ಏಟು ಬೀಳುತ್ತಿದ್ದ ಕಾಲ. ಪಾಪ, ಅವನು ಗೋಡೆಗೆ ಮುಖ ಮಾಡಿ ಕೂತು ಉಣ್ಣುತ್ತಿದ್ದ. ಒಂದು ದಿನ ಅಪ್ಪ ಎದ್ದುಹೋಗಿ, ಅವನ ಭುಜ ಹಿಡಿದು ನಮ್ಮ ಕಡೆ ತಿರುಗಿಸಿದ.

"ನಾಚ್ಕೋಬೇಕಾದೋನು ನೀನಲ್ಲ ಕಣೋ," ಎಂದ.

ಆಮೇಲೆ ತನ್ನ ತಟ್ಟೆ ತಂದು, ತಾನು ಗೋಡೆಗೆ ಮುಖ ಮಾಡಿ ಕೂತ. ಸಾಯುವವರೆಗೂ ಹಾಗೆಯೇ ಉಂಡ.

ಮೊನ್ನೆ ಮಿಕ್ಸಿ ತಿರುಗಲಿಲ್ಲವೆಂದು ನೀವು ಅದರ ತಲೆಗೆ ಬಡಿದಿರಲ್ಲ, ಮುಚ್ಚಳ ಸರಿಯಾಗಿ ಕೂರದಿದ್ದರೆ ಅದು ತಿರುಗುವುದೇ ಇಲ್ಲವಂತೆ. "ದರಿದ್ರದ್ದು" ಎಂದು ಬೈದಿರಿ. ನಾನು ಮಾತ್ರ ಅದನ್ನೇ ನೋಡುತ್ತಾ ನಿಂತೆ. ಅಂಥದ್ದೊಂದು ಮುಚ್ಚಳ ನಮ್ಮ ಮಿಲ್ಲಿನಲ್ಲೂ ಇತ್ತು, ಮಕ್ಕಳೇ. ನಾವು ಅದನ್ನು ಗೋಡೆಗೆ ಒರಗಿಸಿಟ್ಟಿದ್ದೆವು.