ಅಜ್ಜಿಯ ನಿಯಮ ಮತ್ತು ಹತ್ತೊಂಬತ್ತು ದಿನಗಳು

೧೯೯೪ನೆಯ ಇಸವಿ ಮಾರ್ಚ್ ೮, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ನಮ್ಮ ಗಣಕ ಪ್ರಯೋಗಾಲಯದ ಲಾಗ್‌ಬುಕ್ಕಿನಲ್ಲಿ ಆ ಹೊತ್ತಿನ ಎದುರಿಗೆ ಹಸಿರು ಶಾಯಿಯ ಒಂದು ಬರಹವಿದೆ: ‘ಚಾಲನೆ ನಿಲ್ಲಿಸಿದೆ. ಕಾರಣ: ವಿದ್ಯಾರ್ಥಿನಿಯ ಅಜ್ಜಿ.’ ಕೆಳಗೆ ಮೇಡಂ ಅವರ ಸಹಿ. ಆ ವಿದ್ಯಾರ್ಥಿನಿ ನಾನು. ಆದರೆ ಆ ಬರಹ ನನ್ನ ಕಣ್ಣಿಗೆ ಬಿದ್ದದ್ದು ಸುಮಾರು ಇಪ್ಪತ್ತೇಳು ವರ್ಷಗಳ ನಂತರ, ಈ ಜನವರಿಯಲ್ಲಿ, ಹಳೆಯ ಬೀರು ಖಾಲಿ ಮಾಡುವಾಗ.

ಚದುರಂಗದ ಕೊನೆಯಾಟಗಳನ್ನು ಗಣಕದಿಂದ ಬಿಡಿಸುವ ಕೆಲಸದಲ್ಲಿ ತೊಡಗಿದವರು ನಮ್ಮ ಸುತ್ತಮುತ್ತ ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಮೇಡಂ ಅವರು ಬರೆದ ಪ್ರಬಂಧಗಳ ಸಂಖ್ಯೆ ದೊಡ್ಡದಲ್ಲ. ಆದರೆ ಬರೆದದ್ದರಲ್ಲಿ ಒಂದು ಅಂಕಿಯನ್ನೂ ಯಾರೂ ಇದುವರೆಗೆ ತಿದ್ದಿಲ್ಲ. ಮೂವತ್ತಾರು ವರ್ಷಗಳ ಸೇವೆ ಮುಗಿಸಿ ನಿವೃತ್ತರಾಗಿರುವ ಅವರ ಬಗ್ಗೆ, ಮೊದಲು ಶಿಷ್ಯೆಯಾಗಿ ಆಮೇಲೆ ಸಹೋದ್ಯೋಗಿಯಾಗಿ ಅದೇ ಕಾರಿಡಾರಿನಲ್ಲಿ ಓಡಾಡಿದ ನಾನು ಬರೆಯಬೇಕಾದದ್ದು ಬಹಳವಿದೆ. ಆದರೂ ಆ ಒಂದು ಬರಹಕ್ಕೆ ಉತ್ತರ ಕೊಡದೆ ಬೇರೇನನ್ನೂ ಬರೆಯಲಾರೆ.

೧೯೮೫ರಲ್ಲಿ ಅವರು ಕೆಲಸಕ್ಕೆ ಸೇರಿದಾಗ ಪ್ರಯೋಗಾಲಯವೆಂದರೆ ಮುರಿದ ಬೆಂಚುಗಳನ್ನು ತುಂಬಿಟ್ಟಿದ್ದ ಒಂದು ಕೋಣೆ. ಎರಡು ವರ್ಷಗಳಲ್ಲಿ ಅಲ್ಲಿ ನಾಲ್ಕು ಗಣಕಗಳು ಬಂದವು, ಕಿಟಕಿಗೆ ಪರದೆ ಬಂತು. ನಮ್ಮ ತರಗತಿಯ ಒಬ್ಬನಿಗೆ ದೃಷ್ಟಿ ಮಂದವಾಗಿತ್ತು. ಪ್ರತಿ ಶನಿವಾರ ಮೇಡಂ ಅವನ ಪ್ರೋಗ್ರಾಮನ್ನು ದೊಡ್ಡ ಅಕ್ಷರಗಳಲ್ಲಿ ಕೈಯಾರೆ ನಕಲು ಮಾಡಿಕೊಡುತ್ತಿದ್ದರು. ಅವನು ಮಾಡಿದ ತಪ್ಪನ್ನೂ ಇದ್ದ ಹಾಗೆಯೇ ನಕಲಿಸುತ್ತಿದ್ದರು, ತಿದ್ದುತ್ತಿರಲಿಲ್ಲ. ‘ತಪ್ಪು ಅವನ ಸ್ವತ್ತು, ನಾನ್ಯಾಕೆ ಮುಟ್ಲಿ’ ಎನ್ನುತ್ತಿದ್ದರು.

ಅವರ ಅಡ್ಡಹೆಸರು ‘ಹಿಂದುಮುಂದು ಮೇಡಂ’. ಅದು ಅವರ ಪಾಠದಿಂದಲೇ ಹುಟ್ಟಿದ್ದು. ಗಣಕವು ತಪ್ಪಿಸಿಕೊಳ್ಳಲಾಗದ ಚೆಕ್‌ಮೇಟನ್ನು ಹುಡುಕುವ ಬಗೆ ಎರಡು. ಮೊದಲನೆಯದು ಮುಂದಕ್ಕೆ ನೋಡುವುದು: ನಾನು ಹೀಗೆ ನಡೆದರೆ ಅವನೇನು ನಡೆಯುತ್ತಾನೆ, ಅದಕ್ಕೆ ನಾನೇನು ಎಂದು ಕವಲೊಡೆಯುತ್ತ ಹೋಗುವುದು. ‘ಗೆಲ್ಲುವವನಿಗೆ ಒಂದು ದಾರಿ ಸಾಕು; ಸೋಲುವವನಿಗೆ ಎಲ್ಲ ದಾರಿಯೂ ಮುಚ್ಚಿರಬೇಕು’ ಎಂದು ಮೇಡಂ ಇದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಆದರೆ ಕವಲುಗಳು ಬೇಗ ಕೈಮೀರಿ ಬೆಳೆಯುತ್ತವೆ. ಕಾಯಿಗಳು ಕೆಲವೇ ಉಳಿದಿರುವ ಕೊನೆಯಾಟಕ್ಕೆ ಎರಡನೆಯ ಬಗೆಯೇ ಸರಿ: ಆಟ ಮುಗಿದ ಸ್ಥಿತಿಗಳಿಂದ ಹೊರಟು ಹಿಂದಕ್ಕೆ ನಡೆಯುವುದು. ಮೊದಲು ಚೆಕ್‌ಮೇಟ್ ಆಗಿರುವ ಸ್ಥಿತಿಗಳನ್ನೆಲ್ಲ ಗುರುತಿಸಬೇಕು, ಆಮೇಲೆ ಒಂದು ನಡೆಯಲ್ಲಿ ಅಲ್ಲಿಗೆ ತಲುಪಿಸುವಂಥವನ್ನು, ಆಮೇಲೆ ಎದುರಾಳಿ ಹೇಗೆ ನಡೆದರೂ ಅವುಗಳಿಗೇ ಹೋಗಿ ಬೀಳುವಂಥವನ್ನು. ಹೊಸದೇನೂ ಸಿಗದಾದಾಗ, ಎಲ್ಲ ಸ್ಥಿತಿಗಳ ಫಲ ಬರೆದಿಟ್ಟ ಕೋಷ್ಟಕ ಪೂರ್ತಿ.

ನನ್ನ ಸ್ನಾತಕೋತ್ತರ ಪ್ರಬಂಧಕ್ಕೆ ಕೊಟ್ಟದ್ದು ನಾಲ್ಕು ಕಾಯಿಗಳ ಆಟ: ಒಂದು ಕಡೆ ರಾಜ, ಒಂಟೆ, ಕುದುರೆ, ಇನ್ನೊಂದು ಕಡೆ ಒಂಟಿ ರಾಜ. ಹಲಗೆಯನ್ನು ಮಡಚಿ ತಿರುಗಿಸಿ ಒಂದೇ ಆಗುವಂಥವನ್ನು ಬಿಟ್ಟರೂ ಒಬ್ಬೊಬ್ಬರ ನಡೆಯ ಸರದಿಗೂ ಇಪ್ಪತ್ತಾರು ಲಕ್ಷ ಇಪ್ಪತ್ತೊಂದು ಸಾವಿರದ ನಾನೂರ ನಲವತ್ತು ಸ್ಥಿತಿಗಳು. ಅತ್ಯಂತ ಕಠಿಣ ಸ್ಥಿತಿಯಿಂದ ಎಷ್ಟು ನಡೆಗಳಲ್ಲಿ ಗೆಲ್ಲಬಹುದು ಎಂಬುದು ಪ್ರಶ್ನೆ. ಉತ್ತರ ಆಗಲೇ ಲೋಕಕ್ಕೆ ತಿಳಿದದ್ದೇ. ಮೇಡಂ ಅದನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಅಂಟು ಹಚ್ಚಿ ಬೀರುವಿನಲ್ಲಿಟ್ಟಿದ್ದರು. ‘ಉತ್ತರ ಮೊದಲೇ ನೋಡಿದ್ರೆ ಪ್ರೋಗ್ರಾಂ ಆ ಕಡೆಗೇ ವಾಲುತ್ತೆ’ ಎಂಬುದು ಅವರ ವಾದ. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರೇ ಅದನ್ನು ಒಡೆಯಬೇಕು. ಪರೀಕ್ಷೆ ಮಾರ್ಚ್ ೧೧, ಶುಕ್ರವಾರ. ಪರೀಕ್ಷಕರು ಮರುದಿನವೇ ಒಂದು ವರ್ಷದ ಮಟ್ಟಿಗೆ ದೂರ ಹೊರಟಿದ್ದರು. ತಿಂಗಳ ಕೊನೆಯೊಳಗೆ ಫಲಿತಾಂಶ ಬಂದರಷ್ಟೇ ಇದೇ ವಿಭಾಗದಲ್ಲಿ ಖಾಲಿ ಇದ್ದ ಅಧ್ಯಾಪಕರ ಹುದ್ದೆ ನನಗೆ.

ಆ ವಾರದ ಸೋಮವಾರ ಬೆಳಿಗ್ಗೆ ನನ್ನ ಅಂಕಿ ತೋರಿಸಿದೆ. ಮೇಡಂ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ‘ಅಣ್ಣನ ಜೊತೆ ಆಡಿಸಿದ್ಯಾ?’ ಎಂದಷ್ಟೇ ಕೇಳಿದರು.

ಅಣ್ಣ ಎಂದರೆ ಪ್ರಯೋಗಾಲಯದ ಸಹಾಯಕರು. ಫ್ಲಾಪಿಗಳ ಪೆಟ್ಟಿಗೆಯ ಬೀಗದ ಕೈಯನ್ನು ಕೊರಳಲ್ಲೇ ಹಾಕಿಕೊಂಡಿರುತ್ತಿದ್ದುದರಿಂದ ಎಲ್ಲರಿಗೂ ‘ಫ್ಲಾಪಿ ಅಣ್ಣ’. ಊಟದ ಬಿಡುವಿನಲ್ಲಿ ಹಲಗೆ ಹಾಕಿ ಒಂಟಿ ರಾಜನನ್ನು ಅವರಿಗೆ ಕೊಟ್ಟೆ. ನನ್ನ ಕೋಷ್ಟಕ ಹೇಳಿದ ಹಾಗೆ ನಾನು ನಡೆದೆ. ಅವರ ರಾಜ ಮೂಲೆ ಸೇರಿದ. ಪರದೆಯ ಮೇಲೆ ‘ಗೆಲುವು’ ಎಂದು ಬಂತು.

‘ಏನಮ್ಮಾ, ನಿನ್ನ ಮಿಷನ್ನು ಗೆದ್ದೆ ಅಂತ ಕುಣೀತಿದೆ. ನನ್ನ ರಾಜನಿಗೆ ಚೆಕ್ ಕೊಟ್ಟೋರು ಯಾರು?’

‘ನಿಮಗೆ ಹೋಗೋಕೆ ಮನೆ ಎಲ್ಲಿದೆ, ಅಣ್ಣಾ?’

‘ಮನೆ ಇಲ್ಲ, ನಿಜ. ಹಾಗಂತ ಸತ್ತೇಹೋದ್ನಾ? ಗಟ್ಟಿಯಾಗಿ ಕೂತಿದ್ದೀನಲ್ಲ! ಇದು ಡ್ರಾ ಕಣಮ್ಮ, ಯಾರೂ ಗೆದ್ದಿಲ್ಲ.’

ನನಗೆ ಚದುರಂಗ ಕಲಿಸಿದವರು ಅಜ್ಜಿ, ಕಳೆದುಹೋದ ಕಾಲಾಳುಗಳ ಜಾಗದಲ್ಲಿ ಕೋಟಿನ ಗುಂಡಿಗಳನ್ನಿಟ್ಟು. ಅವರ ನಿಯಮ ಒಂದೇ: ಹೋಗಲು ಮನೆಯಿಲ್ಲದ ರಾಜ ಸೋತ. ಚೆಕ್ ಇದೆಯೋ ಇಲ್ಲವೋ ಎಂದು ಅವರು ಕೇಳಿದವರಲ್ಲ. ಹಾಗಾಗಿ ನನ್ನ ಪ್ರೋಗ್ರಾಮೂ ಕೇಳಿರಲಿಲ್ಲ. ಡ್ರಾ ಆದ ಸ್ಥಿತಿಗಳನ್ನೆಲ್ಲ ಗೆಲುವೆಂದು ಹಿಡಿದು, ಅಲ್ಲಿಂದ ಹಿಂದಕ್ಕೆ ಲಕ್ಷಾಂತರ ಸುಳ್ಳುಗಳನ್ನು ಹೊಸೆದಿತ್ತು.

ಮೇಡಂ ಕೋಣೆಗೆ ಹೋಗಿ ಹೇಳಿದೆ. ‘ಈ ನಿಯಮ ಯಾರು ಹೇಳಿಕೊಟ್ಟಿದ್ದು?’ ಎಂದರು.

‘ನಮ್ಮಜ್ಜಿ, ಮೇಡಂ.’

‘ಹಾಗಾದ್ರೆ ನಿಮ್ಮಜ್ಜಿ ಆಟಕ್ಕೆ ಈ ಕೋಷ್ಟಕ ಸರಿಯಾಗೇ ಇದೆ. ಅಳಿಸಬೇಡ, ಬೇರೆ ಹೆಸರಲ್ಲಿಡು. ಲೋಕದ ಆಟಕ್ಕೆ ಇನ್ನೊಂದು ಮಾಡು.’

‘ಶುಕ್ರವಾರಕ್ಕೆ ಹೇಗಾಗುತ್ತೆ ಮೇಡಂ? ಚಿಕ್ಕ ಮಿಷನ್ನಲ್ಲಿ ಮೂರು ವಾರ ಬೇಕು. ದೊಡ್ಡಕ್ಕನ ಮೇಲೆ ನಿಮ್ಮ ಕೆಲಸ ಓಡ್ತಿದೆ.’

‘ದೊಡ್ಡಕ್ಕ’ ಎಂದರೆ ಹೆಚ್ಚು ಮೆಮೊರಿಯಿದ್ದ ನಮ್ಮ ಒಂದೇ ಒಂದು ಗಣಕ. ಮೇಡಂ ಕ್ಯಾಲೆಂಡರ್ ಕಡೆ ನೋಡಿದರು. ‘ನಾಳೆ ಹನ್ನೊಂದಕ್ಕೆ ಬಾ. ಖಾಲಿ ಇರ್ತಾಳೆ’ ಎಂದರು. ಅವರ ಕೆಲಸ ಅಷ್ಟರಲ್ಲಿ ಮುಗಿಯುವುದೆಂದು ನಾನು ತಿಳಿದೆ. ಅವರು ಹಾಗೆಂದು ಹೇಳಿರಲಿಲ್ಲ, ನಾನೇ ತಿಳಿದುಕೊಂಡೆ.

ಮಂಗಳವಾರ ಹನ್ನೊಂದಕ್ಕೆ ಶುರುವಾದ ಚಾಲನೆ ಬುಧವಾರ ಸಂಜೆ ಆರಕ್ಕೆ ಮುಗಿಯಿತು. ಗುರುವಾರ ಪ್ರಬಂಧದ ಪುಟಗಳನ್ನು ಬದಲಾಯಿಸಿದೆ. ಶುಕ್ರವಾರ ಪರೀಕ್ಷಕರು ನನ್ನ ಅಂಕಿ ಕೇಳಿದರು. ಮೂವತ್ತಮೂರು ಎಂದೆ. ಲಕೋಟೆ ಒಡೆದು ಚೀಟಿಯನ್ನು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿಟ್ಟರು: ೩೩. ಮನೆಗೆ ಬಂದು ಅಜ್ಜಿಗೆ ಎಲ್ಲ ವಿವರಿಸಿದರೆ, ‘ಕೂಡಿಹಾಕಿದ ಮೇಲೆ ಸೋತ ಹಾಗೇ ಅಲ್ವೇನೇ? ನಿಮ್ಮ ಮೇಡಂಗೆ ಆಟ ಬರಲ್ಲ’ ಎಂದರು. ಇದನ್ನು ಮೇಡಂಗೆ ಹೇಳಿದಾಗ ಅವರು ನಕ್ಕ ನಗು ಕಾರಿಡಾರಿನ ಆ ತುದಿಗೂ ಕೇಳಿಸಿತ್ತು.

ಈ ಜನವರಿಯಲ್ಲಿ ಲಾಗ್‌ಬುಕ್ಕಿನ ಪುಟಗಳನ್ನು ಹಿಂದಕ್ಕೆ ತಿರುವಿದೆ. ನಿಲ್ಲಿಸಿದ ಆ ಚಾಲನೆ ಫೆಬ್ರವರಿ ೧೭ರಂದು ಶುರುವಾಗಿತ್ತು. ಎರಡು ಒಂಟೆಗಳ ಎದುರು ಒಂದು ಕುದುರೆ, ಐದು ಕಾಯಿಗಳ ಆಟ. ಡಿಸ್ಕಿನಲ್ಲಿ ಇಬ್ಬರ ಕೆಲಸಕ್ಕೂ ಜಾಗವಿಲ್ಲದೆ, ಹತ್ತೊಂಬತ್ತು ದಿನಗಳ ಗಳಿಕೆಯನ್ನು ಅವರು ತಮ್ಮ ಕೈಯಿಂದಲೇ ಅಳಿಸಿದ್ದರು. ಫ್ಲಾಪಿ ಅಣ್ಣನಿಗೆ ಫೋನ್ ಮಾಡಿದೆ. ‘ಗೊತ್ತಿತ್ತಮ್ಮ. ಹೇಳಬೇಡ ಅಂದಿದ್ರು. ಮುಂದಿನ ತಿಂಗಳೇ ದೊಡ್ಡಕ್ಕನ್ನ ಆಫೀಸಿನೋರು ತಗೊಂಡು ಹೋದ್ರಲ್ಲ, ಮತ್ತೆ ಶುರು ಮಾಡೋಕೇ ಆಗ್ಲಿಲ್ಲ’ ಎಂದರು.

ಮೇಡಂ ಎದುರು ಪುಸ್ತಕ ತೆರೆದಿಟ್ಟೆ. ಕನ್ನಡಕ ಏರಿಸಿ ಓದಿದರು.

‘ಹತ್ತೊಂಬತ್ತು ದಿನ, ಮೇಡಂ!’

‘ನಿನ್ನ ರಾಜನಿಗೆ ಉಳಿದಿದ್ದು ಒಂದೇ ಮನೆ ಕಣೆ. ನನಗೆ ಬೇಕಾದಷ್ಟಿದ್ದವು.’

ಅದೇ ಬೀರುವಿನಲ್ಲಿ ಆ ಪ್ರೋಗ್ರಾಮಿನ ಅಚ್ಚುಪ್ರತಿಯೂ ಸಿಕ್ಕಿತು, ಅಂಚಿನಲ್ಲಿ ಅವರ ಹಸಿರು ತಿದ್ದುಪಡಿಗಳ ಸಮೇತ. ಮೂರು ವಾರ ಕೂತು ಅದನ್ನು ಅಕ್ಷರಕ್ಕಕ್ಷರ ಟೈಪು ಮಾಡಿದೆ; ಹೊಸ ಗಣಕಕ್ಕೆ ಹೊಂದಲು ಬೇಕಾದ ಆರು ಸಾಲು ಬಿಟ್ಟರೆ ಏನನ್ನೂ ಮುಟ್ಟಲಿಲ್ಲ, ಮುಟ್ಟಬೇಕಾಗಿಯೂ ಬರಲಿಲ್ಲ. ಮೇಡಂ ಅವರ ಸೇವೆಯ ಕೊನೆಯ ದಿನ, ಅವರನ್ನೂ ಅಣ್ಣನನ್ನೂ ಅಕ್ಕಪಕ್ಕ ಕೂರಿಸಿ ಅದನ್ನು ಓಡಿಸಿದೆವು. ಕೋಷ್ಟಕ ಪೂರ್ತಿಯಾಯಿತು. ಅಚ್ಚಾಗಿ ಬಂದ ಹಾಳೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡ ಅವರು, ‘ಮನೆಗೆ ಹೋಗಿ ಆರು ಕಾಯಿದು ನೋಡ್ತೀನಿ’ ಎಂದರು. ಅವರು ನೂರು ಕಾಲ ಆರೋಗ್ಯದಿಂದ ಬಾಳಲಿ, ಹೋಗಲು ಮನೆಗಳು ಅವರಿಗೆಂದೂ ಕಡಿಮೆಯಾಗದಿರಲಿ, ಆ ಆರು ಕಾಯಿಗಳ ಲೆಕ್ಕವೂ ಅವರ ಕೈಯಲ್ಲೇ ಬಗೆಹರಿಯಲಿ ಎಂಬುದು ಅವರ ಶಿಷ್ಯರೆಲ್ಲರ ಹಾರೈಕೆ.

ಲಾಗ್‌ಬುಕ್ಕಿನ ಹಳೆಯ ಬರಹದ ಕೆಳಗೆ ನಾನು ನೀಲಿ ಶಾಯಿಯಲ್ಲಿ ಬರೆದೆ: ‘ಚಾಲನೆ ಪೂರ್ಣ. ತೆಗೆದುಕೊಂಡ ಸಮಯ: ನಾಲ್ಕು ನಿಮಿಷ ಹನ್ನೊಂದು ಸೆಕೆಂಡು.’