ನನ್ನ ಶಿಫಾರಸು ಪತ್ರಕ್ಕೆ ನಾನೇ ಲೇಖಕಿ

"ತಂಗಿ, ನೀನ ಬರ್ಕೊಂಡ ಬಾ. ನಾ ಸಹಿ ಮಾಡಿ ಶಿಕ್ಕಾ ಹೊಡಿತೇನಿ."

ಗೋಕಾಕದ ಕಿವಿ-ಮೂಗು-ಗಂಟಲು ವೈದ್ಯರು ಹೀಗೆಂದಾಗ ನಾನು ದಂಗಾದೆ. ವರ್ಷವಿಡೀ ಅವರ ದವಾಖಾನೆಯಲ್ಲಿ ಮಕ್ಕಳ ಶ್ರವಣ ಪರೀಕ್ಷೆ ಮಾಡಿದ್ದೆ. ವಾಕ್ ಮತ್ತು ಶ್ರವಣ ವಿಜ್ಞಾನದ ಸ್ನಾತಕೋತ್ತರ ಪ್ರವೇಶಕ್ಕೆ ಅವರ ಶಿಫಾರಸು ಪತ್ರ ಬೇಕಿತ್ತು. ಅರ್ಜಿಗೆ ಮರುದಿನವೇ ಕೊನೆಯ ದಿನ.

"ಸರ್, ಇದು ಗೋಪ್ಯ ಪತ್ರ ಐತ್ರಿ. ನಾನ ಹೆಂಗ ಬರೀಲಿ?"

"ಗೋಪ್ಯನ ಇರ್ತೈತಿ ತಗೊ. ನಾ ಯಾರಿಗೂ ಹೇಳೂದಿಲ್ಲ!"

ಅಭ್ಯರ್ಥಿಯೇ ತನ್ನ ತೀರ್ಪುಗಾರಳಾಗುವುದು ಅನ್ಯಾಯವೆಂದು ವಾದಿಸಿದೆ. ಅವರು ಮುಂದಿನ ರೋಗಿಯನ್ನು ಕರೆದರು. ಎಲ್ಲರೂ ಹೀಗೆಯೇ ಬರೆದುಕೊಂಡು ಬರುತ್ತಾರಂತೆ! ರೇಗಿ, ಹೊರಗಿನ ಕಂಪ್ಯೂಟರಿನಲ್ಲಿ ನನ್ನ ಗುಣಗಳ ಜೊತೆ ನನ್ನದೊಂದು ದೋಷವನ್ನೂ ಬರೆದೆ: 'ಮಗುವನ್ನು ತಡವಾಗಿ ಕರೆತಂದರೆಂದು ದಡ್ಡಿ ಗ್ರಾಮದ ತಾಯಿಯೊಬ್ಬರನ್ನು ಈ ಅಭ್ಯರ್ಥಿ ಎಲ್ಲರೆದುರು ಗದರಿದರು. ಆ ತಾಯಿ ಮತ್ತೆ ಬರಲಿಲ್ಲ.'

ಓದದೆ ಸಹಿ ಹಾಕುತ್ತಾರೆಂದುಕೊಂಡಿದ್ದೆ. ಆದರೆ ವೈದ್ಯರು ಓದಿದರು. ಆ ಸಾಲಿನ ಮೇಲೆ ಪೆನ್ನು ನಿಲ್ಲಿಸಿದರು.

"ಇದು ಖರೆ ಐತಿ. ನಾ ಬರಿಯೂದಿದ್ರ ನಾನೂ ಇದನ್ನ ಬರೀತಿದ್ದೆ. ಆದ್ರ ಹಿಂಗ ಕಳಿಸಿದ್ರ ಸೀಟ ಸಿಗೂದಿಲ್ಲ. ತಗದು ತಗೊಂಡ ಬಾ."

ಮತ್ತೆ ವಾದಿಸಬೇಕಿತ್ತು. ವಾದಿಸಲಿಲ್ಲ. ಸಾಲು ಅಳಿಸಿ, ಸಹಿ ಪಡೆದು, ಅರ್ಜಿ ಕಳುಹಿಸಿದೆ.

ವ್ಯವಸ್ಥೆಯನ್ನು ದೂಷಿಸಿ ಈ ಬರಹ ಮುಗಿಸಬಹುದಿತ್ತು. ಆದರೆ ಅಳಿಸಿದ ಕೈ ನನ್ನದೇ. ಪ್ರವೇಶ ಸಿಗುವುದೋ ಇಲ್ಲವೋ ತಿಳಿಯದು. ಅದಕ್ಕೂ ಮೊದಲು ದಡ್ಡಿಗೆ ಹೋಗಿ ಆ ತಾಯಿಯ ಮನೆಯ ಬಾಗಿಲು ತಟ್ಟಬೇಕು. ಮಗುವಿನ ಪರೀಕ್ಷೆ ಇನ್ನೂ ಬಾಕಿಯಿದೆ.