ಮನ್ನಿಸುವ ಮುಂಚೆ ನಡೆದ ನಡಿಗೆ

ತಮಿಳುನಾಡಿನ ತೇನಿಯ ಆಸ್ಪತ್ರೆಯೊಂದರಲ್ಲಿ ಕಾಲು ಮುರಿದವರನ್ನು ಮತ್ತೆ ನಡೆಸುವುದು ನನ್ನ ಕೆಲಸ. ಪಕ್ಕದ ಬೋಡಿ ಊರಿನ ಮೇರಿಯಕ್ಕನ ಕಾಲಿನ ಮೇಲೆ ಏಲಕ್ಕಿ ತೋಟದ ಜೀಪು ಹರಿದಿತ್ತು. ಮೂಳೆ ಕೂಡಿದ್ದರೂ ಭಯಕ್ಕೆ ಅವರು ಕಾಲೂರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಆ ಜೀಪಿನ ಡ್ರೈವರ್ ಮುರುಗನ್ ಬಂದು ಬಾಗಿಲಲ್ಲೇ ತಲೆತಗ್ಗಿಸಿ ನಿಂತ. "ನನ್ನದೇ ತಪ್ಪು ಅಕ್ಕಾ, ಮನ್ನಿಸಿಬಿಡಿ," ಅಂದ. ಅವನನ್ನು ಹೊರಗೆ ಕಳಿಸಲು ನಾನು ಎದ್ದೆ. ಅಕ್ಕ ತಡೆದರು.

"ಮನ್ನಿಸುವ ಮನಸ್ಸು ಕೊಡಪ್ಪಾ ಅಂತ ಕರ್ತನನ್ನ ದಿನಾ ಬೇಡ್ತಿದ್ದೀನಿ, ತಂಬಿ. ಇನ್ನೂ ಬಂದಿಲ್ಲ. ಸುಳ್ಳು ಹೇಳಲಾರೆ."

ಅವನು ತಿರುಗಿ ಹೊರಟ.

"ಹೋಗ್ಬೇಡ. ಅದು ಬರೋವರೆಗೂ ಕಾಯ್ತಾ ಕೂತರೆ ನಾನು ನಡೆದ ಹಾಗೇ! ಬಾ, ಕೈ ಕೊಡು," ಅಂದರು ಅಕ್ಕ.

ಅವನು ಬಂದು ಕೈ ಕೊಟ್ಟ, ಅಕ್ಕ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮಂಚದಿಂದ ಕಿಟಕಿಯವರೆಗೆ ಕಾಲೂರಿ ನಡೆದೇಬಿಟ್ಟರು. ಅಲ್ಲಿ ನಿಂತು ಉಸಿರು ಬಿಟ್ಟು, "ಬಂತು ತಂಬಿ. ಮನ್ನಿಸಿದೀನಿ," ಅಂದರು. ಮುರುಗನ್ ಗಳಗಳನೆ ಅತ್ತ.

"ಅಳೋದು ಆಮೇಲೆ. ಈಗ ನೀನು ಕೈಬಿಟ್ಟು ನಾನು ಬಿದ್ದರೆ ಮತ್ತೆ ಮೊದಲಿಂದ ಮನ್ನಿಸಬೇಕಾಗುತ್ತೆ," ಅಂದರು ಅಕ್ಕ.

ಆ ಕಷ್ಟ ಯಾರಿಗೂ ಬೇಡವೆಂದು ಅವರ ಇನ್ನೊಂದು ಕೈಯನ್ನು ನಾನು ಹಿಡಿದುಕೊಂಡೆ.